ನಿಧಾನಪ್ಪನ ಒಂದು ಆತುರ

ನಿಧಾನಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕಾದು ಕಾದು ಬೇಸತ್ತು ಇಟ್ಟ ಹೆಸರು. ಹಳೆಯ ಕಾರುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಅವನು. ಬೆಳಿಗ್ಗೆ ಬಿಟ್ಟುಹೋದ ಕಾರನ್ನು ಸಂಜೆ ಕೇಳಲು ಬಂದವರಿಗೆ ಅವನು ಮೊದಲು ಸ್ಟೂಲು ಕೊಡುತ್ತಿದ್ದ, ಆಮೇಲೆ ಉತ್ತರ. "ಎಂಜಿನ್ನಿಗೆ ಆತುರ ಅನ್ನೋದೇ ಗೊತ್ತಿಲ್ಲ. ಆತುರ ಇರೋದೆಲ್ಲ ಹಾರನ್ನಿಗೆ" ಎನ್ನುತ್ತಿದ್ದ. ಸ್ಟೂಲಿನ ಮೇಲೆ ಕೂತವರು ಗೊಣಗುತ್ತಲೇ ಕೂತಿರುತ್ತಿದ್ದರು. ಆದರೆ ಮುಂದಿನ ಸಲವೂ ಕಾರನ್ನು ಅಲ್ಲಿಗೇ ತರುತ್ತಿದ್ದರು.

ಅವನೇನು ಹುಟ್ಟಿನಿಂದ ನಿಧಾನಿಯಲ್ಲ. ಹರೆಯದಲ್ಲಿ ಅಕ್ಕ ತನ್ನ ಕಾರನ್ನು ಮೊದಲ ಸಲ ಮನೆಯ ಮುಂದೆ ತಂದು ನಿಲ್ಲಿಸಿದಾಗ, ಬಾನೆಟ್ ಎತ್ತಿ, ಕಣ್ಣಿಗೆ ಬಿದ್ದ ನಟ್ಟುಗಳನ್ನೆಲ್ಲ ಒಂದು ತುದಿಯಿಂದ ಬಲ ಹಾಕಿ ಬಿಗಿದಿದ್ದ. ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ನಟ್ಟು ಕೂರುವ ಕಿವಿಯೊಂದು ಟಕ್ ಎಂದು ಸೀಳಿತು. ಕಾರ್ಬುರೇಟರಿನಲ್ಲಿ ಬೆರೆತ ಗಾಳಿ ಪೆಟ್ರೋಲನ್ನು ನಾಲ್ಕು ಸಿಲಿಂಡರುಗಳಿಗೆ ಹಂಚುವ, ನಾಲ್ಕು ಬೆರಳು ಚಾಚಿದ ಕೈಯಂಥ ಕೊಳವೆ ಅದು. "ಒಡೆದವನೇ ಹೊತ್ಕೊಂಡು ಹೋಗು" ಎಂದು ಅಕ್ಕ ಅವನನ್ನೇ ಬೆಸುಗೆಗೆಂದು ಒಂದು ಗ್ಯಾರೇಜಿಗೆ ಕಳಿಸಿದಳು. ಹೋದವನು ಬೆಸುಗೆ ಹಾಕುವುದನ್ನು ನೋಡುತ್ತಾ ನಿಂತ, ಮರುದಿನವೂ ಹೋದ, ಕೊನೆಗೆ ಅಲ್ಲೇ ಕೆಲಸ ಕಲಿತ. ಒಂದು ನಟ್ಟಿನ ಆತುರ ಅವನಿಗೆ ಕಸುಬನ್ನೂ ಕೊಟ್ಟಿತು, ಜೀವಮಾನಕ್ಕಾಗುವಷ್ಟು ನಿಧಾನವನ್ನೂ ಕೊಟ್ಟಿತು.

ಅವನ ಗ್ಯಾರೇಜಿಗೂ ಹೆಂಡತಿಯ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ. ಗೋಡೆಯಲ್ಲೊಂದು ಕಿಟಕಿ. ಮದುವೆಯಾದಾಗಿನಿಂದ ಆ ಮನೆಯ ಸಂಸಾರವೆಲ್ಲ ನಡೆದದ್ದು ಆ ಕಿಟಕಿಯಲ್ಲೇ. ಅಲ್ಲಿಂದ ಚಹಾ ಈ ಕಡೆ ಬರುತ್ತಿತ್ತು, ಸಾಣೆ ಹಿಡಿದ ಕತ್ತರಿ ಆ ಕಡೆ ಹೋಗುತ್ತಿತ್ತು. ಹೊಲಿದು ಮಿಕ್ಕ ಬಟ್ಟೆಯ ಚೂರುಗಳನ್ನು ಅವಳು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು, ಅವನು ಕೈ ಒರೆಸಲು ಒಯ್ಯುತ್ತಿದ್ದ. ಕೆಂಪು ಚೂರುಗಳನ್ನು ಮಾತ್ರ ಡಬ್ಬಿಯಲ್ಲಿ ಬೇರೆ ಇಡುತ್ತಿದ್ದ. ಮ್ಯಾನಿಫೋಲ್ಡ್ ಬಿಚ್ಚಿದಾಗ ಎಂಜಿನ್ನಿನ ತೂತುಗಳಿಗೆ ಕಸ ಬೀಳದಂತೆ ಅವನ್ನು ತುರುಕುತ್ತಿದ್ದ. ಕೆಂಪಾದರೆ ಕತ್ತಲೆ ತೂತಿನಲ್ಲೂ ಕಣ್ಣಿಗೆ ಹೊಡೆಯುತ್ತದೆ, ಮರೆತುಹೋಗುವುದಿಲ್ಲ.

ಒಂದು ಬೆಳಿಗ್ಗೆ ಅಕ್ಕ ಅದೇ ಹಳೆಯ ಕಾರನ್ನು ತಂದು ನಿಲ್ಲಿಸಿದಳು. ಹಿಂಭಾಗ ದುಂಡಗಿದ್ದು ಆಚೀಚೆ ತೂಗುತ್ತಾ ನಡೆಯುತ್ತದೆಂದು ಮನೆಯವರೆಲ್ಲ ಅದನ್ನು ಬಾತುಕೋಳಿ ಎನ್ನುತ್ತಿದ್ದರು. ನಿಂತ ಕೂಡಲೇ ಬಾತುಕೋಳಿ ಚಳಿಜ್ವರ ಬಂದಂತೆ ನಡುಗಿ, ಗುಟುಕ್ ಎಂದು ಆರಿಹೋಯಿತು.

"ನೋಡಿದ್ಯಾ," ಎಂದಳು ಅಕ್ಕ. "ಓಡುವಾಗ ಸರಿ ಇರುತ್ತೆ. ನಿಲ್ಲಿಸಿದ್ರೆ ಸತ್ತುಹೋಗುತ್ತೆ. ನಿನ್ನೆ ರೈಲ್ವೆ ಗೇಟಲ್ಲಿ ಹಿಂದೆ ಇದ್ದವರೆಲ್ಲ ಸೇರಿ ತಳ್ಳಿದ್ರು. ಮಗ ನೋಡಿಬಿಟ್ಟ."

"ಏನಂದ?"

"ಅಮ್ಮ, ಕಾರಿಗೂ ವಯಸ್ಸಾಯ್ತು, ನಿನಗೂ ಆಯ್ತು, ಕೀಲಿ ಕೊಡು ಅಂದ. ನಾನೂ ಬಿಡ್ಲಿಲ್ಲ. ನಾಳೆ ಸಂಜೆ ನೀನೇ ಪಕ್ಕದಲ್ಲಿ ಕೂತ್ಕೊ, ಅದೇ ಗೇಟಿಗೆ ಹೋಗೋಣ, ನಿಂತುಹೋದ್ರೆ ಕೀಲಿ ನಿಂದು ಅಂದುಬಿಟ್ಟೆ."

"ನಾಳೆ ಅಂದ್ರೆ ಇವತ್ತು."

"ಇವತ್ತೇ ಕಣೋ. ಅದಕ್ಕೇ ಬೆಳಿಗ್ಗೆನೇ ಬಂದೆ."

ಅಂಚೆ ಕಚೇರಿಯ ಕೆಲಸದಿಂದ ನಿವೃತ್ತಳಾದ ಮೇಲೆ ಅಕ್ಕನಿಗೆ ಆ ಕಾರೇ ಕಾಲು. ಗೆಳತಿಯರನ್ನು ಆಸ್ಪತ್ರೆಗೆ ಒಯ್ಯುವುದು, ಮನಸ್ಸು ಬಂದರೆ ಕೆರೆಯ ದಂಡೆಯವರೆಗೆ ಒಬ್ಬಳೇ ಹೋಗಿ ಬರುವುದು, ಎಲ್ಲ ಅದರಲ್ಲೇ. ಕೀಲಿ ಕೈಬಿಟ್ಟರೆ ಅವಳು ಮಗನ ಬಿಡುವನ್ನು ಕಾಯುತ್ತಾ ಬಾಗಿಲಲ್ಲಿ ಕೂರಬೇಕು. ಅಕ್ಕ ಬಾಗಿಲಲ್ಲಿ ಕೂತದ್ದನ್ನು ನಿಧಾನಪ್ಪ ಕಂಡವನೇ ಅಲ್ಲ. ನೆನೆಸಿಕೊಳ್ಳಲೂ ಅವನಿಗೆ ಇಷ್ಟವಾಗಲಿಲ್ಲ.

ತಮ್ಮನ ಹೆಂಡತಿ ಹೊಲಿಯುತ್ತಿದ್ದ ತನ್ನ ಹೊಸ ಕೋಟಿನ ಅಳತೆ ಸರಿಯಿದೆಯೇ ಎಂದು ನೋಡಲು ಅಕ್ಕ ಪಕ್ಕದ ಅಂಗಡಿಗೆ ಹೋದಳು. ಅವನು ಎಂಜಿನ್ ಚಾಲೂ ಮಾಡಿ, ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಮ್ಯಾನಿಫೋಲ್ಡಿನ ಸುತ್ತ ಮೆಲ್ಲಗೆ ಸರಿಸಿದ. ನಾಲ್ಕನೇ ಬೆರಳಿನ ತುದಿಯಲ್ಲಿ ಹಾವು ಬುಸುಗುಟ್ಟಿದಂತೆ ಕೇಳಿಸಿತು. ಅಲ್ಲಿಗೆ ಒಂದಿಷ್ಟು ನೀರು ಚಿಮುಕಿಸಿದ. ಸಂದಿ ನೀರನ್ನು ಒಳಗೆ ಎಳೆದುಕೊಂಡಿತು, ನಡುಕದ ಲಯ ಬದಲಾಯಿತು. ಎಂಜಿನ್ನಿಗೂ ಮ್ಯಾನಿಫೋಲ್ಡಿಗೂ ನಡುವಿನ ಗ್ಯಾಸ್ಕೆಟ್, ಅಂದರೆ ಅವನ ಮಾತಿನಲ್ಲಿ ಪ್ಯಾಕಿಂಗು, ಸತ್ತಿತ್ತು. ಆ ಬಿರುಕಿನಿಂದ ಎಂಜಿನ್ ಕದ್ದು ಗಾಳಿ ಕುಡಿಯುತ್ತಿತ್ತು.

ಮ್ಯಾನಿಫೋಲ್ಡ್ ಬಿಚ್ಚಿ ಮೇಜಿನ ಮೇಲಿಟ್ಟ. ಎಂಜಿನ್ನಿನ ತೂತುಗಳಿಗೆ ಬಟ್ಟೆ ತುರುಕಲು ಡಬ್ಬಿ ತೆಗೆದರೆ ಮೂರೇ ಕೆಂಪು ಚೂರು. ಕಿಟಕಿಯ ಕಟ್ಟೆಯ ಮೇಲೆ ಬೂದು ಬಣ್ಣದ್ದೊಂದು ಕಂಡಿತು. ತೆಗೆದುಕೊಂಡು ನಾಲ್ಕನೆಯದಕ್ಕೆ ಗಟ್ಟಿಯಾಗಿ ತುರುಕಿದ. ಆಮೇಲೆ ಹಳೆಯ ಪ್ಯಾಕಿಂಗಿನ ಚಕ್ಕೆಗಳನ್ನು ಲೋಹಕ್ಕೆ ಗೀರು ಬೀಳದಂತೆ ಕೆರೆದ. ಉಕ್ಕಿನ ಅಳತೆಪಟ್ಟಿಯನ್ನು ಮ್ಯಾನಿಫೋಲ್ಡಿನ ಮುಖದ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದ. ಬೆಸುಗೆ ಹಾಕಿದ ಕಿವಿಯ ಬಳಿ ಕೂದಲೆಳೆಯಷ್ಟು ಬೆಳಕು ಇಣುಕಿತು.

ಅಷ್ಟರಲ್ಲಿ ಅಕ್ಕ ಕಿಟಕಿಯಲ್ಲಿ ತಲೆ ಹಾಕಿ, "ಅಂಗಡಿಯಲ್ಲಿ ರೆಡಿ ಪ್ಯಾಕಿಂಗ್ ಸಿಗುತ್ತಲ್ಲೋ, ತಂದು ಹಾಕಬಾರದಾ?" ಎಂದಳು.

"ತಂದಿಟ್ಟಿದ್ದೀನಿ, ನೋಡು. ಇದು ಅದೇ ಕಂಪನಿಯ ತಂಗಿ ಕಾರಿಂದು. ನಮ್ಮದರ ತೂತು ಮೊಟ್ಟೆ ಆಕಾರ, ಇದರದ್ದು ದುಂಡಗೆ. ಅಂಚು ದಾರಿಗೆ ಅಡ್ಡ ಬರುತ್ತೆ."

"ಆ ಕಾರ್ಕಿನ ಹಾಳೆ?"

"ಮೆತ್ತಗಿದೆ. ಇಲ್ಲಿನ ಬಿಸಿಗೆ ಪುಡಿಯಾಗುತ್ತೆ."

"ಹಾಗಾದ್ರೆ ಒಂದಿಷ್ಟು ಅಂಟು ಬಳಿ, ಮುಗೀತು."

"ಪೆಟ್ರೋಲು ಅಂಟನ್ನ ತಿಂದುಹಾಕುತ್ತೆ. ಆಮೇಲೆ ಆ ಚೂರನ್ನ ಎಂಜಿನ್ ತಿನ್ನುತ್ತೆ."

"ಮತ್ತೆ ನೀನು ಯಾವಾಗ ತಿಂತೀಯ? ಹೊತ್ತಾಯ್ತು" ಎಂದು ಅಕ್ಕ ನಕ್ಕು, ಬಸ್ಸು ಹಿಡಿದು ಮನೆಗೆ ಹೋದಳು.

ಕೊನೆಗೆ ಅವನು ಆರಿಸಿದ್ದು ಬಿಸಿ ತಡೆಯುವ, ನಾರು ಒತ್ತಿ ಮಾಡಿದ ಹಾಳೆ. ತೆಳ್ಳಗಿನದು ಬೇಡವೆಂದು, ಆ ಕೂದಲೆಳೆಯ ಸಂದಿಯನ್ನೂ ತುಂಬುವಂತೆ ಕೊಂಚ ದಪ್ಪನೆಯದನ್ನೇ ತೆಗೆದ. ಮ್ಯಾನಿಫೋಲ್ಡಿನ ಮುಖಕ್ಕೆ ಎಣ್ಣೆ ಸವರಿ ಹಾಳೆಯ ಮೇಲೆ ಒತ್ತಿದ. ಅಚ್ಚು ಮೂಡಿದ ಹಾಳೆಯನ್ನು ಕಿಟಕಿಯಲ್ಲಿ ಹೆಂಡತಿಗೆ ಕೊಟ್ಟ. ಕತ್ತರಿಸುವ ಕೆಲಸ ಮೊದಲಿನಿಂದಲೂ ಅವಳದೇ. ಆದರೆ ಅದಕ್ಕೆ ಬಟ್ಟೆಯ ಕತ್ತರಿಯನ್ನು ಮಾತ್ರ ಅವಳು ಬಳಸುತ್ತಿರಲಿಲ್ಲ, ಪ್ಯಾಕಿಂಗಿಗೆಂದೇ ಒಂದು ಮುದಿ ಕತ್ತರಿ ಇತ್ತು. ಅವಳು ಹಾಳೆಯ ಕೆಳಗೆ ಇನ್ನೊಂದು ಹಾಳೆ ಇಟ್ಟು, ಕ್ಲಿಪ್ಪು ಹಾಕಿ, ಎರಡನ್ನೂ ಒಟ್ಟಿಗೆ ಕತ್ತರಿಸಿದಳು.

"ಒಂದು ಸಾಕಿತ್ತಲ್ಲ. ಎರಡು ತೋಳು ಇರೋಕೆ ಇದೇನು ಅಂಗಿನಾ?" ಎಂದ ನಿಧಾನಪ್ಪ.

"ಕೈ ರೂಢಿ ರೀ. ಎರಡು ಪದರ ಇಲ್ದೆ ಇದ್ರೆ ಕತ್ತರಿನೇ ಓಡಲ್ಲ. ಬೇಡ ಅಂದ್ರೆ ಗೋಡೆಗೆ ತೂಗುಹಾಕಿ."

ಗೋಡೆಯ ಮೊಳೆಗೆ ಒಂದನ್ನು ತೂಗುಹಾಕಿ, ಇನ್ನೊಂದನ್ನು ಹಿಡಿದು ಎಂಜಿನ್ನಿನ ಮುಂದೆ ನಿಂತ. ಕೆಂಪು ಚೂರುಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಿರುವಾಗಲೇ ಬಾಗಿಲಲ್ಲಿ ಅಕ್ಕನ ಮಗ ಕಾಣಿಸಿಕೊಂಡ. ಸಂಜೆ ಬರಬೇಕಾದವನು ಮಧ್ಯಾಹ್ನವೇ ಬಂದಿದ್ದ.

"ಏನ್ ಮಾವ, ಇನ್ನೂ ಬಿಚ್ಚಿಟ್ಟುಕೊಂಡೇ ಕೂತಿದ್ದೀರಾ? ಹಾಗಾದ್ರೆ ಕೀಲಿ ನನಗೆ ಬಂದ ಹಾಗೇ."

ಊರೆಲ್ಲ ಛೇಡಿಸಿದರೂ ಜಗ್ಗದ ನಿಧಾನಪ್ಪನಿಗೆ ಆ ಮಾತು ಎಲ್ಲೋ ಚುಚ್ಚಿತು. "ಕೂತ್ಕೋಪ್ಪ, ಈಗ ಆಯ್ತು" ಎಂದುಬಿಟ್ಟ. ಬಾಯಿಂದ ಬಂದ ಮೇಲೆ ಆ ಮಾತು ಅವನಿಗೇ ಹೊಸದೆನಿಸಿತು. ಪ್ಯಾಕಿಂಗ್ ಕೂರಿಸಿ, ಮ್ಯಾನಿಫೋಲ್ಡ್ ಇಟ್ಟು, ನಟ್ಟುಗಳನ್ನು ನಡುವಿನಿಂದ ಆಚೀಚೆಗೆ ಸ್ವಲ್ಪಸ್ವಲ್ಪವೇ ಬಿಗಿದ. ಅದರಲ್ಲೇನೂ ತಪ್ಪಿಲ್ಲ. ಕೀಲಿ ತಿರುಗಿಸಿದ.

ಬುಸುಗುಡುವ ಸದ್ದು ಹೋಗಿತ್ತು. ಆದರೆ ಎಂಜಿನ್ ಕುಂಟುತ್ತಿತ್ತು. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಮೊದಲ ಮೂರನ್ನು ಕಿತ್ತಾಗ ಎಂಜಿನ್ ಇನ್ನಷ್ಟು ಮುಗ್ಗರಿಸಿತು. ನಾಲ್ಕನೆಯದನ್ನು ಕಿತ್ತರೆ ಅದಕ್ಕೆ ಗೊತ್ತೇ ಆಗಲಿಲ್ಲ. ಕಿಡಿಯೇನೋ ಚೆನ್ನಾಗಿಯೇ ಹಾರುತ್ತಿತ್ತು. ಮೂರು ಸಿಲಿಂಡರು ಏರಿಗೆ ಎಳೆದರೆ ಒಂದು ನೀರಿಗೆ ಎಳೆಯುತ್ತಿತ್ತು.

"ಮೊದಲಾದ್ರೆ ನಿಂತಾಗ ಮಾತ್ರ ನಡುಗ್ತಿತ್ತು ಮಾವ. ಈಗ ಯಾವಾಗಲೂ ನಡುಗುತ್ತೆ" ಎಂದ ಅಳಿಯ, ಸ್ಟೂಲಿನ ಮೇಲೆ ಆರಾಮಾಗಿ ಕೂತು.

ನಿಧಾನಪ್ಪ ಬೆವರು ಒರೆಸಿಕೊಳ್ಳುತ್ತಿದ್ದಾಗ ಕಿಟಕಿಯಿಂದ ಹೆಂಡತಿ ಕೇಳಿದಳು. "ರೀ, ಅತ್ತಿಗೆ ಕೋಟಿನ ಜೇಬು ನೋಡಿದ್ರಾ?"

"ಜೇಬು ಕೋಟಲ್ಲೇ ಇರುತ್ತಲ್ಲ."

"ಹೊಲಿದ ಮೇಲೆ ಇರುತ್ತೆ. ಹೊಲಿಯೋಕೆ ಮುಂಚೆ ಎಲ್ಲಿಟ್ಟಿರ್ತೀನೋ ಅಲ್ಲಿರುತ್ತೆ. ಬೆಳಿಗ್ಗೆ ಕತ್ತರಿಸಿ ಇಲ್ಲೇ ಕಟ್ಟೆ ಮೇಲೆ ಇಟ್ಟೆ. ಆಗಿಂದ ಹುಡುಕ್ತಿದ್ದೀನಿ, ಮಿಷನ್ ಕೆಳಗೂ ನೋಡಾಯ್ತು."

"ಯಾವ ಬಣ್ಣ?" ಎಂದು ಕೇಳುವಾಗಲೇ ಅವನ ಕೈ ಕೀಲಿಯತ್ತ ಹೋಗಿತ್ತು.

"ಬೂದು."

ನಿಧಾನಪ್ಪ ಎಂಜಿನ್ ಆರಿಸಿದ. ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಇಲ್ಲಿ ಗೋಡೆಯ ಆಚೆ ಒಬ್ಬಳು ಜೇಬು ಹುಡುಕುತ್ತಿದ್ದಳು, ಈಚೆ ಒಬ್ಬನು ನಾಲ್ಕನೇ ಸಿಲಿಂಡರಿನ ಉಸಿರು ಹುಡುಕುತ್ತಿದ್ದ.

ಮತ್ತೆ ಎಲ್ಲ ಬಿಚ್ಚಿದ. ಈ ಸಲ ನಿಧಾನವಾಗಿ. ಕತ್ತಲೆ ತೂತಿನೊಳಗೆ ಇನ್ನಷ್ಟು ಆಳಕ್ಕೆ ಸರಿದು, ಜೇಬು ಮುದುರಿ ಕೂತಿತ್ತು. ಉದ್ದ ಮೂತಿಯ ಇಕ್ಕಳದಿಂದ ಹಿಡಿದು ಹೊರಗೆಳೆದ. ಅಳಿಯ ಸ್ಟೂಲು ಬಿಟ್ಟು ಎದ್ದು ಬಂದು ನೋಡಿದ. ನಗು ತಡೆಯಲಾಗದೆ ಕಾರಿನ ಮಡ್‌ಗಾರ್ಡ್ ಹಿಡಿದುಕೊಂಡ.

"ನಗೋದು ಆಮೇಲೆ" ಎಂದ ನಿಧಾನಪ್ಪ. "ಒಂದು ದಾರ ಒಳಗೆ ಉಳಿದಿದ್ರೂ ವಾಲ್ವಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಇದು ಇಡಿಯಾಗಿ ಬಂದಿದ್ಯೋ ಇಲ್ವೋ ಹೇಗೆ ಗೊತ್ತಾಗಬೇಕು?"

ಹೆಂಡತಿ ಕಿಟಕಿಯಿಂದ ಕೈ ಚಾಚಿ ಅದನ್ನು ಇಸಿದುಕೊಂಡಳು. ಕತ್ತರಿಸುವಾಗ ಬಳಸಿದ ಕಾಗದದ ಜೇಬನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆ ಬಟ್ಟೆಯ ಜೇಬನ್ನು ಬಿಡಿಸಿಟ್ಟು, ಅಂಚಿನುದ್ದಕ್ಕೂ ಬೆರಳಾಡಿಸಿದಳು.

"ಎಳೆ ಸಮೇತ ಬಂದಿದೆ. ಒಳಗೆ ಏನೂ ಇಲ್ಲ, ಧೈರ್ಯವಾಗಿ ಮುಚ್ಚಿ."

"ಮುಚ್ಚೋದು ಹೇಗೆ? ಒಂದು ಸಲ ಒತ್ತಿದ ಪ್ಯಾಕಿಂಗ್ ಮತ್ತೆ ಬರಲ್ಲ."

ಅವಳು ಕಿಟಕಿಯಿಂದಲೇ ಗೋಡೆಯ ಮೊಳೆಯನ್ನು ನೋಡಿದಳು. ಅವನೂ ನೋಡಿದ.

"ಅಂಗಿಗೆ ಎರಡು ತೋಳು ಬೇಕಾಗುತ್ತೆ ರೀ" ಎಂದಷ್ಟೇ ಹೇಳಿ ಅವಳು ಜೇಬು ತೊಳೆಯಲು ಹೋದಳು.

ಅವನು ಎರಡನೇ ಪ್ಯಾಕಿಂಗ್ ಕೂರಿಸುವ ಹೊತ್ತಿಗೆ ಆ ಕಡೆ ಇಸ್ತ್ರಿಯ ಆವಿ ಏಳುತ್ತಿತ್ತು. ತೂತುಗಳೊಳಗೆ ಟಾರ್ಚು ಬಿಟ್ಟು ಅವನು ನೋಡಿದ. ಆಮೇಲೆ ಅಳಿಯನನ್ನೂ ಕರೆದು ನೋಡಿಸಿದ. ಅವನು ಒಂದೊಂದರೊಳಗೂ ಇಣುಕಿ, "ಖಾಲಿ ಮಾವ" ಎಂದು ಒಪ್ಪಿಸಿದ ಮೇಲೆಯೇ ನಿಧಾನಪ್ಪ ನಟ್ಟು ಹಿಡಿದ.

ಅಕ್ಕ ಬಂದಾಗ ಬಾತುಕೋಳಿ ಬಾಗಿಲಲ್ಲಿ ಸದ್ದಿಲ್ಲದೆ ಉಸಿರಾಡುತ್ತಾ ನಿಂತಿತ್ತು. ಅವಳು ಹೊಸ ಕೋಟು ತೊಟ್ಟು ಎರಡೂ ಜೇಬಿಗೆ ಕೈ ಹಾಕಿ ನೋಡಿದಳು.

"ಇದೊಂದು ಜೇಬು ಯಾಕಮ್ಮ ಬೆಚ್ಚಗಿದೆ?"

"ಈಗಷ್ಟೇ ಇಸ್ತ್ರಿ ಹಾಕಿದೆ ಅತ್ತಿಗೆ" ಎಂದಳು ತಮ್ಮನ ಹೆಂಡತಿ. ಅಳಿಯ ಕೆಮ್ಮಿಕೊಂಡು ಬೇಗನೆ ಕಾರಿನೊಳಗೆ ಕೂತ.

ರೈಲ್ವೆ ಗೇಟು ಬೀದಿಯ ಕೊನೆಯಲ್ಲೇ ಇತ್ತು. ಕಾರು ಹತ್ತಿರ ಹೋಗುತ್ತಿದ್ದಂತೆ ಗೇಟು ಬಿತ್ತು. ಗಂಡ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. ಮುಂದೆ ಒಂದು ಲಾರಿ, ಹಿಂದೆ ಸಾಲು ಗಾಡಿ, ನಡುವೆ ಬಾತುಕೋಳಿಯ ದುಂಡು ಬೆನ್ನು. ಉದ್ದನೆಯ ಗೂಡ್ಸ್ ರೈಲು ಬಂತು. ಅದರ ಗದ್ದಲದಲ್ಲಿ ಎಂಜಿನ್ ಇದೆಯೋ ಸತ್ತಿದೆಯೋ ನಿಧಾನಪ್ಪನಿಗೆ ಕೇಳಿಸಲಿಲ್ಲ. ಜೀವನದಲ್ಲಿ ಮೊದಲ ಸಲ ಅವನಿಗೆ ರೈಲು ಇಷ್ಟು ನಿಧಾನವೇಕೆ ಎನಿಸಿತು.

ಗೇಟು ಎದ್ದಿತು. ಲಾರಿ ಹೊರಟಿತು. ಅದರ ಹಿಂದೆಯೇ ಬಾತುಕೋಳಿ ಆಚೀಚೆ ತೂಗುತ್ತಾ ಹಳಿ ದಾಟಿತು.

ಕೆರೆಯವರೆಗೂ ಹೋಗಿ ಬಂದ ಮೇಲೆ ಅಕ್ಕ ಬಾಗಿಲಲ್ಲಿ ಇಳಿದು, ಮಗನ ಎದುರಿಗೇ ಕೀಲಿಯನ್ನು ಆ ಬೆಚ್ಚಗಿದ್ದ ಜೇಬಿಗೆ ಹಾಕಿಕೊಂಡಳು.

"ಆ ಜೇಬು ನಂಬಿಕಸ್ತ ಅಮ್ಮ. ಎಂಜಿನ್ನೇ ನುಂಗಿದ್ರೂ ವಾಪಸ್ ಬಂದಿದೆ" ಎಂದ ಮಗ. ಅಕ್ಕನಿಗೆ ಅರ್ಥವಾಗಲಿಲ್ಲ. ತಮ್ಮ ಗಂಟಲು ಸರಿಮಾಡಿಕೊಂಡು ಮಾತು ತಿರುಗಿಸಿದ.

"ಹೊಸ ಪ್ಯಾಕಿಂಗು ಅಕ್ಕ, ಬಿಸಿಯಾಗಿ ಆರಿದ ಮೇಲೆ ಸ್ವಲ್ಪ ಕೂರುತ್ತೆ. ನಾಳೆ ಇನ್ನೊಂದು ಸಲ ನಟ್ಟು ಬಿಗಿಬೇಕು. ಕಾರನ್ನ ಕಳಿಸು."

"ಕಳಿಸೋದೇನು," ಎಂದಳು ಅಕ್ಕ, ಜೇಬನ್ನು ತಟ್ಟಿಕೊಂಡು. "ನಾನೇ ತರ್ತೀನಿ. ಸ್ಟೂಲು ಹಾಕಿಟ್ಟಿರು."