ಕಮಾನಿಗಿಂತ ಮೊದಲು ಕಾಲುಸಂಕ

ನನ್ನ ಹೊಲಿಗೆ ಯಂತ್ರ ಇರುವುದು ನಮ್ಮ ಮನೆಯ ಚಾವಡಿಯಲ್ಲಿ. ಅದು ಅಂಗಡಿಯಲ್ಲ, ಬೋರ್ಡೂ ಇಲ್ಲ. ಊರಿನ ಹೆಂಗಸರು ರವಿಕೆಗೆ, ಮಕ್ಕಳ ಯೂನಿಫಾರ್ಮಿಗೆ ಅಂತ ಬರುತ್ತಾರೆ, ಅಷ್ಟೆ. ಎರಡು ವರ್ಷಗಳ ಹಿಂದೆ ಪಂಚಾಯತಿನಿಂದ ಬಂದ ತೆರಿಗೆ ಚೀಟಿಯಲ್ಲಿ ನಮ್ಮ ಇಡೀ ಮನೆಯನ್ನೇ ವಾಣಿಜ್ಯ ಕಟ್ಟಡ ಎಂದು ಬರೆದಿದ್ದರು. ತೆರಿಗೆ ಹಿಂದಿನ ವರ್ಷದ ಎರಡು ಪಟ್ಟನ್ನೂ ಮೀರಿತ್ತು.

ನಮ್ಮದು ಕಾರ್ಕಳದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯ ಊರು. ಪಂಚಾಯತ್ ಕಚೇರಿಗೆ ಹೋಗಿ ಕೇಳಿದೆ. ಯಂತ್ರ ಇದ್ದ ಮೇಲೆ ವಾಣಿಜ್ಯವೇ ಎಂದರು ಗುಮಾಸ್ತರು. ಹಪ್ಪಳ ಮಾಡುವವರ ಮನೆಗೂ, ಬೀಡಿ ಕಟ್ಟುವವರ ಮನೆಗೂ ಅದೇ ಚೀಟಿ ಹೋಗಿದೆ ಎಂದು ಆಗ ಗೊತ್ತಾಯಿತು. ಹೊಸದಾಗಿ ಬಂದಿದ್ದ ಅಭಿವೃದ್ಧಿ ಅಧಿಕಾರಿ ಮಾತ್ರ ನನ್ನನ್ನು ಕೂರಿಸಿ, ಆಕ್ಷೇಪಣೆ ಬರೆದು ಕೊಡಿ, ಬರುವ ಗ್ರಾಮಸಭೆಯಲ್ಲೂ ಎದ್ದು ಹೇಳಿ, ಅಲ್ಲಿ ಹೇಳಿದ್ದು ದಾಖಲಾಗುತ್ತದೆ ಎಂದರು. ಅಷ್ಟು ವರ್ಷ ವೋಟು ಹಾಕಿದವಳು ನಾನು, ಗ್ರಾಮಸಭೆಯ ಬಾಗಿಲು ನೋಡಿದವಳಲ್ಲ.

ಜನ ಸೇರಿಸಲು ಮನೆಮನೆಗೆ ಹೊರಟೆ. ಊರಿನ ನಡುವೆ ಹರಿಯುವ ಹಳ್ಳ, ನಮ್ಮ ತೋಡು, ಅದರ ಆಚೆ ಒಂದು ಸಾಲು ಬಾಡಿಗೆ ಮನೆಗಳಿವೆ. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರು ಅಲ್ಲಿರುತ್ತಾರೆ. ತೋಡಿಗೆ ಅಡ್ಡ ಹಾಕಿದ ಎರಡು ತೆಂಗಿನ ಮರದ ತುಂಡುಗಳೇ ಅವರ ಕಾಲುಸಂಕ. ಮಳೆಗಾಲದಲ್ಲಿ ಅದೂ ಕೊಚ್ಚಿಕೊಂಡು ಹೋಗಿ ಅಲ್ಲಿನ ಮಕ್ಕಳಿಗೆ ವಾರಗಟ್ಟಲೆ ಶಾಲೆ ತಪ್ಪುತ್ತಿತ್ತು. ಅಲ್ಲಿ ಬಾಗಲಕೋಟೆ ಕಡೆಯ ಒಬ್ಬಾಕೆ ಕಾಂಕ್ರೀಟು ಕೆಲಸಕ್ಕೆ ಹೋಗುತ್ತಿದ್ದರು. ನನ್ನ ತೆರಿಗೆಯ ಕಥೆಯನ್ನೆಲ್ಲ ಕೇಳಿಸಿಕೊಂಡು ಅವರು ಒಂದೇ ಮಾತು ಕೇಳಿದರು.

"ತೆರಿಗಿ ಕಡಿಮಿ ಆಗ್ಲಿ ಅಕ್ಕಾರ. ಆದ್ರ ಕಟ್ಟಿದ ರೊಕ್ಕ ಎಲ್ಲಿಗೆ ಹೋಗ್ತದ ಅಂತ ಯಾರರ ಕೇಳೀರೇನು?"

ಕೇಳಿರಲಿಲ್ಲ. ನಾಚಿಕೆಯಾಯಿತು. ಮರುದಿನವೇ ನಾವಿಬ್ಬರೂ ಪಂಚಾಯತಿಗೆ ಹೋಗಿ ಆ ವರ್ಷದ ಕಾಮಗಾರಿಗಳ ಪಟ್ಟಿ ತೋರಿಸಿ ಎಂದೆವು. ಮುಖ್ಯ ರಸ್ತೆಗೆ ಒಂದು ಸ್ವಾಗತ ಕಮಾನು ಎಂದಿತ್ತು, ಅದೂ ನಮ್ಮ ತೆರಿಗೆಯ ದುಡ್ಡಿನಿಂದ. ಕಾಲುಸಂಕದ ಹೆಸರೇ ಇರಲಿಲ್ಲ.

ಜನ ಸಾಲದೆ ಗ್ರಾಮಸಭೆ ಮುಂದಕ್ಕೆ ಹೋಗುವುದು ನಮ್ಮಲ್ಲಿ ಮಾಮೂಲು. ಆ ದಿನ ಹೆಂಗಸರೇ ಸಭಾಭವನ ತುಂಬಿ ಜಗಲಿಯಲ್ಲೂ ನಿಂತಿದ್ದರು. ನಾನು ತೆರಿಗೆ ಚೀಟಿ ಹಿಡಿದು ಎದ್ದೆ.

"ನಾನು ಹೊಲಿಯುವುದು ಒಂದು ಮೂಲೆಯಲ್ಲಿ. ಉಳಿದ ಜಾಗದಲ್ಲಿ ನಾವು ಅಡುಗೆ ಮಾಡ್ತೇವೆ, ಮಲಗ್ತೇವೆ. ಅದಕ್ಕೂ ಅಂಗಡಿ ತೆರಿಗೆ ಎಂತಕ್ಕೆ?"

ಹಪ್ಪಳದವರು ಎದ್ದರು, ಬೀಡಿಯವರು ಎದ್ದರು. ಇಂಥ ಮನೆಗಳನ್ನೆಲ್ಲ ಸ್ಥಳದಲ್ಲೇ ನೋಡಿ, ವಾಸದ ಮನೆಯೆಂದೇ ತಿದ್ದಬೇಕು ಎಂದು ಸಭೆಯ ಪುಸ್ತಕದಲ್ಲಿ ಬರೆಸಿಯೇ ನಾವು ಕುಳಿತದ್ದು.

ಆಮೇಲೆ ಕಮಾನಿನ ವಿಷಯ ಬಂತು. ಆ ಹಣದಲ್ಲಿ ಮೊದಲು ಕಾಲುಸಂಕ ಕಟ್ಟಿ ಎಂದೆವು. ಮಾತು ತುಳುವಿಗೆ ಹೊರಳಿತು. ಪಕ್ಕದಲ್ಲಿದ್ದ ಬಾಗಲಕೋಟೆಯಾಕೆಗೆ ಒಂದೂ ತಿಳಿಯುತ್ತಿರಲಿಲ್ಲ. ಎಲ್ಲರಿಗೂ ಅರ್ಥವಾಗುವ ಹಾಗೆ ಕನ್ನಡದಲ್ಲಿ ಮಾತಾಡಿ ಎಂದು ಕೇಳಿಕೊಂಡೆ. ಯಾರೂ ಬೇಡವೆನ್ನಲಿಲ್ಲ. ಕಾಲುಸಂಕಕ್ಕೆ ಇಷ್ಟು ಹಣ ಸಾಲುವುದಿಲ್ಲ ಎಂದರು ಅಧ್ಯಕ್ಷರು. ಸಭೆಗೆ ಬಂದಿದ್ದ ಎಂಜಿನಿಯರ್ ಹೌದೆಂದು ತಲೆಯಾಡಿಸಿದರು. ಆಗ ಆಕೆ ಎದ್ದರು. ಕಮಾನಿನ ಪಾಯ ಎಷ್ಟು ಆಳ, ಕಂಬ ಎಷ್ಟು ದಪ್ಪ ಎಂದು ಒಂದೊಂದಾಗಿ ವಿಚಾರಿಸಿದರು. ತೋಡು ಬರೀ ಹತ್ತು ಹೆಜ್ಜೆ ಅಗಲ, ಎರಡೂ ದಡದಲ್ಲಿ ಕಲ್ಲುಬಂಡೆಯೇ ಇದೆ ಎಂದೂ ಹೇಳಿದರು.

"ಆ ಎರಡು ಕಂಬಕ್ಕ ಹಾಕೋ ಕಬ್ಬಿಣದಾಗ ನಮ್ಮ ಸಂಕ ಆಗ್ತದ್ರಿ ಸರ್. ಬೇಕಾದ್ರ ಬಂದು ಅಳೀರಿ."

ಎಂಜಿನಿಯರ್ ಕಾಗದದಲ್ಲಿ ಏನೋ ಗೀಚಿದರು. ಸ್ವಲ್ಪ ಹೊತ್ತಿನ ನಂತರ, ಜಾಗ ನೋಡಬೇಕು, ಆದರೆ ಇವರು ಹೇಳುವುದು ತಪ್ಪಲ್ಲ ಎಂದರು. ಕಮಾನಿನ ಬದಲು ಕಾಲುಸಂಕ ಬೇಕೆನ್ನುವವರು ಕೈ ಎತ್ತಿ ಎಂದು ಅಭಿವೃದ್ಧಿ ಅಧಿಕಾರಿ ಹೇಳಿದ್ದೇ ತಡ, ಸಭಾಭವನದಲ್ಲಿ ಕೈಗಳೇ ಕಂಡವು. ಅಧ್ಯಕ್ಷರ ಮುಖ ಸಪ್ಪಗಾಯಿತು. ಆದರೆ ಮರುವಾರ ತೋಡಿನ ಬದಿಯಲ್ಲಿ ಎಂಜಿನಿಯರ್ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದದ್ದು ಅಧ್ಯಕ್ಷರೇ.

ಕೆಲಸ ನೋಡಿಕೊಳ್ಳುವ ಸಮಿತಿಗೆ ನಮ್ಮಿಬ್ಬರನ್ನೂ ಹಾಕಿದರು. ಗುತ್ತಿಗೆದಾರರಿಗೆ ಮೊದಲು ನಾವೆಂದರೆ ತಮಾಷೆ. ಮೂರನೆಯ ದಿನ ಆಕೆ ಮರಳನ್ನು ಮುಷ್ಟಿಯಲ್ಲಿ ಹಿಡಿದು, ಇದರಲ್ಲಿ ಮಣ್ಣಿದೆ ಎಂದು ಇಡೀ ಲೋಡನ್ನೇ ವಾಪಸು ಕಳುಹಿಸಿದ ಮೇಲೆ ತಮಾಷೆ ನಿಂತಿತು. ಸ್ಲ್ಯಾಬಿಗೆ ಬೆಳಿಗ್ಗೆ ಆಚೆಯ ಹೆಂಗಸರು ನೀರು ಹಾಕಿದರೆ ಸಂಜೆ ನಾವು ಈಚೆಯವರು. ಮಳೆ ಹಿಡಿಯುವ ಮೊದಲೇ ಕಾಲುಸಂಕ ಮುಗಿಯಿತು. ಶಾಲೆ ತೆರೆದ ದಿನ ಮಕ್ಕಳು ಕೊಡೆ ಹಿಡಿದು ಅದರ ಮೇಲೆ ಸಾಲಾಗಿ ಬರುವುದನ್ನು ನಾನು ಹೊಲಿಗೆ ಬಿಟ್ಟು ಹೋಗಿ ನೋಡಿದೆ. ಅಷ್ಟರಲ್ಲಿ ನನ್ನ ಮನೆಯೂ ಪಂಚಾಯತಿನ ಲೆಕ್ಕದಲ್ಲಿ ಮತ್ತೆ ಮನೆಯಾಗಿತ್ತು.

ಕೊನೆಯ ಬಿಲ್ಲಿಗೆ ಸಮಿತಿಯ ಸಹಿ ಬೇಕಿತ್ತು. ಆಕೆ ಕೆಲಸದಿಂದ ನೇರವಾಗಿ ಪಂಚಾಯತಿಗೆ ಬಂದಿದ್ದರು, ಕೈಯಲ್ಲಿ ಸಿಮೆಂಟು ಹಾಗೇ ಇತ್ತು. ಗುಮಾಸ್ತರು ಕುರ್ಚಿ ಎಳೆದು ಕೊಟ್ಟರು. ಆಕೆ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಗುತ್ತಿಗೆದಾರರು ಕಾದು ನಿಂತಿದ್ದರು. ಪೂರ್ತಿ ಓದಿದ ಮೇಲೆಯೇ ಸಹಿ.

ಹೊರಗೆ ಬಂದು ನಕ್ಕರು. "ಅಕ್ಕಾರ, ಇಷ್ಟು ವರ್ಷ ಪಗಾರ ತಗೊಳ್ಳಾಕ ಸಹಿ ಮಾಡೀನಿ. ಬಿಲ್ ಪಾಸ್ ಮಾಡಾಕ ಮಾಡಿದ್ದು ಇದ ಮೊದಲ."

ಇಬ್ಬರೂ ಸೀದಾ ಕಾರ್ಕಳದ ಬಸ್ಸು ಹತ್ತಿದೆವು. ಪೇಟೆಯಲ್ಲಿ ದೊಡ್ಡ ಗ್ಲಾಸಿನ ಗಡ್‌ಬಡ್ ಐಸ್‌ಕ್ರೀಂ ತಿಂದೆವು. ನಾನೆಷ್ಟು ಹೇಳಿದರೂ ಆಕೆ ನನಗೆ ಹಣ ಕೊಡಲು ಬಿಡಲಿಲ್ಲ.