ಒರೆಸಿಬಿಟ್ಟ ಸುಣ್ಣದ ಗುರುತು

ಸಿದ್ದರಾಜುವಿನ ಕೈಯಲ್ಲಿ ತಪ್ಪಿರಲಿಲ್ಲ. ತಪ್ಪು ನಾನು ಕೊಟ್ಟ ಕೋಲುಗಳಲ್ಲಿತ್ತು — ಅದು ನನಗೆ ಅವತ್ತೇ, ಕೊಡುವ ಮೊದಲೇ, ಗೊತ್ತಿತ್ತು. ಆರು ವರ್ಷದಿಂದ ಈ ಮಾತು ನನ್ನ ಬಾಯಿಂದ ಹೊರಬಿದ್ದಿಲ್ಲ. ಬರುವ ಸೋಮವಾರದೊಳಗೆ ಬೀಳದಿದ್ದರೆ — ಆಮೇಲೆ ಬಿದ್ದು ಏನು ಪ್ರಯೋಜನ?

ನಾನು ರಾಮನಗರದಲ್ಲಿ ಹಳೆಯ ಗಾಲ್ಫ್ ಸಾಮಾನು ಮಾರುವವನು. ಹೆದ್ದಾರಿಯ ಆಚೆ ಗಾಲ್ಫ್ ಮೈದಾನ ಬಂದಾಗ, ಸಾಹೇಬರ ಚೀಲ ಹೊತ್ತು ನಡೆಯುವ ಕ್ಯಾಡಿಯಾಗಿ ಸೇರಿದೆ. ಅವರು ಬೇಡವೆಂದ ಕೋಲುಗಳನ್ನು ಕೊಂಡು, ತಿಕ್ಕಿ, ಹಿಡಿ ಬದಲಿಸಿ ಮಾರುತ್ತ ಮಾರುತ್ತ ಅಂಗಡಿ ಇಟ್ಟೆ. ಯಾರೂ ನನ್ನನ್ನು ಕೈಹಿಡಿದು ಎತ್ತಲಿಲ್ಲ. ನಂಜಪ್ಪನಿಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ — ಆ ಮಾತೇ ನನ್ನ ಅಂಗಡಿಯ ಬೋರ್ಡು.

ಸಿದ್ದರಾಜು ಕೈಲಾಂಚದವನು. ನನ್ನ ಜೊತೆಗೇ ಚೀಲ ಹೊತ್ತವನು, ನನಗಿಂತ ಐದು ವರ್ಷ ಚಿಕ್ಕವನು. ಸಾಹೇಬರು ಬಾರದ ಸೋಮವಾರಗಳಲ್ಲಿ ಕ್ಯಾಡಿಗಳಿಗೆ ಆಡಲು ಬಿಡುತ್ತಿದ್ದರು. ಅವನು ಕೋಲು ಬೀಸಿದರೆ ಗಾಳಿ ಸೀಳುವ ಸದ್ದು ದೂರ ನಿಂತವರಿಗೂ ಕೇಳಿಸುತ್ತಿತ್ತು. ಅಂಥ ವೇಗವನ್ನು ನಾನು ಯಾವ ಸಾಹೇಬರಲ್ಲೂ ಕಂಡಿಲ್ಲ. ಆದರೆ ಒಂದು ಏಟು ಬಂಗಾರ, ಮುಂದಿನದು ಪೊದೆಗೆ. ಅವನ ಹೆಂಡತಿ ಭಾಗ್ಯ ನಗುತ್ತಿದ್ದಳು: "ಗುದ್ದಲಿ ಹಿಡುದ್ರೂ ಹಿಂಗೇಯ ಕಣಣ್ಣ. ನಮ್ ಹೊಲದ್ ಮಣ್ಣೆಲ್ಲ ಪಕ್ಕದೋರ್ ಹೊಲ್ದಲ್ಲೈತೆ."

ಮೈದಾನದಲ್ಲಿ ಆಟ ಕಲಿಸುವ ಕೆಲಸಕ್ಕೆ ಪರೀಕ್ಷೆ ಇಟ್ಟರು. ಆಡಿ ತೋರಿಸಬೇಕು, ಮೂರು ವರ್ಷಕ್ಕೊಂದರಂತೆ ಒಬ್ಬನಿಗೆ ಮೂರೇ ಅವಕಾಶ. ಗೆದ್ದರೆ, ಚೀಲ ಹೊರುವವನು ಚೀಲ ಇಳಿಸಿ ಮೇಷ್ಟ್ರಾಗುತ್ತಾನೆ. ಸಿದ್ದರಾಜು ನೇರ ನನ್ನ ಅಂಗಡಿಗೆ ಬಂದ.

"ನಂಜಣ್ಣ, ನಂಗೆ ಸರಿಹೋಗೋ ಐರನ್ ಸೆಟ್ಟು ನೀನೇ ಆರ್ಸಿ ಕೊಡು. ನೀನ್ ಹೇಳಿದ್ರೆ ಮುಗೀತು."

ಐರನ್ ಎಂದರೆ, ಹುಲ್ಲಿನ ಮೇಲಿರುವ ಚೆಂಡನ್ನು ಗುರಿಯತ್ತ ಎತ್ತಿ ಹೊಡೆಯುವ, ಕಬ್ಬಿಣದ ತಲೆಯ ಕೋಲು. ಯಾರಿಗೆ ಯಾವುದು ಸರಿ ಎಂದು ಕಂಡುಹಿಡಿಯಲು ನನಗೊಂದು ವಿಧಾನವಿತ್ತು. ರೇಷ್ಮೆ ಹುಳು ಪೊರೆ ಬಿಡುವ ಜ್ವರಕ್ಕೆ ಕೂತಾಗ ತಟ್ಟೆಯ ಮೇಲೆ ಉದುರಿಸುವ ಸುಣ್ಣದ ಪುಡಿ — ನಮ್ಮ ಕಡೆ ಅದು ಯಾರ ಮನೆಯಲ್ಲಿಲ್ಲ? ಅದನ್ನು ಒದ್ದೆ ಬಟ್ಟೆಯಿಂದ ಕೋಲಿನ ಮುಖಕ್ಕೆ ತೆಳ್ಳಗೆ ಬಳಿದು ಒಣಗಿಸುತ್ತಿದ್ದೆ. ಚೆಂಡು ತಾಗಿದ ಕಡೆ ಸುಣ್ಣ ಎದ್ದು ದುಂಡಗೆ ಗುರುತು ಬೀಳುತ್ತಿತ್ತು.

ಕೊಯ್ಲಾದ ಅವನ ರಾಗಿ ಹೊಲದಲ್ಲಿ ಹತ್ತು ಚೆಂಡು ಹೊಡೆಸಿದೆ. ಅವನು ಚೆಂಡು ಆರಿಸಲು ಹೊಲದ ಆ ತುದಿಗೆ ಹೋದ. ನಾನು ಕೋಲು ತಿರುಗಿಸಿ ನೋಡಿದೆ. ಗುರುತುಗಳು ಮುಖದ ತುಂಬ ಚೆಲ್ಲಾಡಿದ್ದವು — ತುದಿಯಲ್ಲಿ, ಕೋಲು ತಲೆಗೆ ಸೇರುವ ಬುಡದಲ್ಲಿ, ಕೆಳ ಅಂಚಿನಲ್ಲಿ... ಅಂಥವನಿಗೆ ಏನು ಬೇಕೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ನೀವೂ ಕೇಳಿಟ್ಟುಕೊಳ್ಳಿ. ಬೀಸು ಜೋರಾಗಿದ್ದು ಏಟು ಒಂದೇ ಕಡೆ ನಿಲ್ಲದಿದ್ದರೆ, ಅಗಲ ಅಡಿಯ, ಬೆನ್ನು ತೋಡಿದ ದೊಡ್ಡ ತಲೆಯ ಐರನ್ ಕೊಳ್ಳಿ. ಚೆಂಡು ನಡುವಿಗೆ ತಾಗದಿದ್ದರೂ ಅದು ಏಟನ್ನು ಒಂದಿಷ್ಟು ಕಾಪಾಡುತ್ತದೆ. ತಲೆಗೂ ಹಿಡಿಗೂ ನಡುವಿನ ಶಾಫ್ಟು ಬಳುಕದಿರಲಿ, ತುಸು ತೂಕವಿರಲಿ — ಅವಸರದ ಕೈಗೆ ಆ ತೂಕವೇ ತಾಳ ಕೊಡುತ್ತದೆ. ಹೊಳಪಿಗೆ ಮರುಳಾಗಬೇಡಿ. ಗುರುತು ತೋರಿಸದೆ ಯಾರು ಮಾರಿದರೂ — ನಾನೇ ಮಾರಿದರೂ — ಕೊಳ್ಳಬೇಡಿ.

ಅಂಥ ಸೆಟ್ ನನ್ನ ಅಂಗಡಿಯಲ್ಲಿತ್ತು. ಅದರ ಪಕ್ಕದಲ್ಲೇ ಇನ್ನೊಂದಿತ್ತು: ಚಾಕುವಿನಂಥ ತೆಳು ತಲೆ, ಕನ್ನಡಿಯ ಹೊಳಪು, ಬಳುಕುವ ಶಾಫ್ಟು. ನಡುವಿಗೆ ತಾಗಿದರೆ ಮಾತ್ರ ಚೆಂಡು ಹೋಗುವಂಥದ್ದು. ಬೆಂಗಳೂರಿನ ವ್ಯಾಪಾರಿಯೊಬ್ಬ ನನ್ನನ್ನು ಹೊಗಳಿ ಹೊಗಳಿ ಅದನ್ನು ನನ್ನ ತಲೆಗೆ ಕಟ್ಟಿದ್ದ. ವರ್ಷವಾದರೂ ಯಾರೂ ಮುಟ್ಟಿರಲಿಲ್ಲ. ಪಕ್ಕದ ಹಾರ್ಡ್‌ವೇರ್ ಅಂಗಡಿಯವನು ದಿನಾ ಕಿಚಾಯಿಸುತ್ತಿದ್ದ: "ಏನ್ಲಾ ನಂಜ, ಅದೇನು ಮಾರಾಕಾ, ಇಲ್ಲ ಆಯುಧಪೂಜೆಗೆ ಮಡಗಿದ್ದೀಯಾ?" ಟೀ ಕುಡಿಯುತ್ತಿದ್ದವರೆಲ್ಲ ನಗುತ್ತಿದ್ದರು. ನನಗೂ ಟೋಪಿ ಬಿದ್ದಿದೆ ಎಂದು ಊರಿಗೆ ಗೊತ್ತಾಗುವ ಮೊದಲು ಅದು ಗೋಡೆಯಿಂದ ಇಳಿಯಬೇಕಿತ್ತು. ಅಷ್ಟೇ. ಅಷ್ಟಕ್ಕೇ —

ಸಿದ್ದರಾಜು ಚೆಂಡು ಆರಿಸಿಕೊಂಡು ಬರುವಷ್ಟರಲ್ಲಿ, ಹೆಗಲ ಮೇಲಿನ ಟವೆಲ್ಲಿನಿಂದ ಕೋಲಿನ ಮುಖ ಒರೆಸಿಬಿಟ್ಟೆ.

"ಎಲ್ಲಿ ತಾಗ್ತದಣ್ಣ?"

"ನಡೂಕೇ ಕಣ್ಲಾ. ನಿನ್ ವೇಗಕ್ಕೆ ತೆಳೂದೇ ಸರಿ. ದೊಡ್ ಆಟಗಾರ್ರು ಹಿಡಿಯೋದು ಅದ್ನೇಯ."

ಆಗ ಅವನ ಮುಖ ಅರಳಿದ್ದು — ಬೇಡ, ಅದನ್ನು ಬರೆಯಲಾರೆ.

ಮೊದಲ ಪರೀಕ್ಷೆಯಲ್ಲಿ ಸೋತ. ಬಂದು ಅಂಗೈ ತೋರಿಸಿದ. ತಪ್ಪಿದ ಪ್ರತಿ ಏಟೂ ಜುಮ್ಮೆಂದು ಮಣಿಕಟ್ಟಿಗೆ ಹತ್ತುತ್ತಿತ್ತಂತೆ. "ಕೋಲೇ ಸರಿಯಿಲ್ವೇನೋ ಅಣ್ಣ" ಎಂದ, ಹೆದರಿ ಹೆದರಿ. ಆಗಲಾದರೂ... ಇಲ್ಲ. ನಾನು ಹೇಳಿದ್ದು ಇದು:

"ಕೋಲಲ್ಲೇನೂ ಇಲ್ಲ ಕಣ್ಲಾ. ತಪ್ಪು ನಿನ್ ಕೈಯಲ್ಲೈತೆ. ಒಸಿ ನಿಧಾನ ಮಾಡು."

ಅವನು ನಂಬಿದ. ಅಂದಿನಿಂದ ತನ್ನ ಕೈಯನ್ನೇ ತಿದ್ದುತ್ತ ಬಂದ. ಎರಡನೆಯ ಪರೀಕ್ಷೆಯಲ್ಲೂ ಸೋತು ಬಂದು, "ಇನ್ನೂ ನಿಧಾನ ಆಗ್ಬೇಕು ಅಲ್ವಾ ಅಣ್ಣ?" ಎಂದು ನನ್ನನ್ನೇ ಕೇಳಿದ. ನಾನು ಹೌದೆಂದು ತಲೆಯಾಡಿಸಿದೆ.

ಮೂರನೆಯದು, ಕೊನೆಯದು, ಬರುವ ಸೋಮವಾರ. ಮೊನ್ನೆ ಬೆಳಿಗ್ಗೆ ಫೋನ್ ಮಾಡಿ, "ಬಂದು ಒಂದ್ಸಲ ನೋಡ್ಬುಡಣ್ಣ" ಎಂದು ಕರೆದ. ಅದೇ ಹೊಲ. ಸುಣ್ಣವನ್ನು ಅವನೇ ಬಳಿದಿದ್ದ. ಹತ್ತು ಬಾರಿ ಬೀಸಿದ — ಸದ್ದೇ ಇಲ್ಲ. ಗಾಳಿ ಸೀಳುವ ಆ ಸದ್ದಿಗಾಗಿ ಕಿವಿಗೊಟ್ಟು ನಿಂತಿದ್ದೆ. ಅಂಗಳ ಗುಡಿಸಿದಂತೆ ಮೆತ್ತಗೆ ಕೋಲು ಬಂದು ಹೋಯಿತು. ಮೊದಲು ಹುಣಸೆಮರ ದಾಟುತ್ತಿದ್ದ ಚೆಂಡುಗಳು ಈಗ ಅರ್ಧ ದಾರಿಯಲ್ಲೇ ಉದುರಿದವು. ಅವನು ಕೋಲು ತಿರುಗಿಸಿ ತೋರಿಸಿದ. ಹತ್ತು ಏಟಿಗೂ ಸೇರಿ ನಟ್ಟನಡುವೆ ಒಂದೇ ಗುರುತು.

"ನೋಡಣ್ಣ, ನೀನ್ ಹೇಳ್ದಂಗೇ ಆಗೈತೆ. ಕೈ ತಪ್ಪು ಹೋಯ್ತು. ಚೆಂಡೇ ಯಾಕೋ ಹೋಗಾಕಿಲ್ಲ."

ಭಾಗ್ಯ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ನಗಲಿಲ್ಲ.

ಆ ವೇಗವನ್ನು ನಾನು ಯಾವ ಅಂಗಡಿಯಿಂದ ತಂದುಕೊಡಲಿ? ಅಂದು ಅಂಗಡಿಯಲ್ಲಿದ್ದ ಸರಿಯಾದ ಸೆಟ್ ಎಂದೋ ಮಾರಿಹೋಯಿತು. ಚನ್ನಪಟ್ಟಣ, ಕನಕಪುರವೆಲ್ಲ ಸುತ್ತಿ, ಹಳೇ ಗಿರಾಕಿಗಳ ಬಾಗಿಲು ತಟ್ಟಿ, ಅಗಲ ತಲೆಯ ಸೆಟ್ ಒಂದನ್ನು ನಿನ್ನೆ ತಂದಿದ್ದೇನೆ. ಆದರೆ ಅದು ಬೇಕಿದ್ದದ್ದು ಆರು ವರ್ಷದ ಹಿಂದಿನ ಕೈಗೆ. ನಾಲ್ಕು ದಿನದಲ್ಲಿ ಆ ಕೈ ಮರಳಿ ಬಂದೀತೇ? ಪರೀಕ್ಷೆ ಮುಂದೆ ಹಾಕಿ ಎಂದು ಮೈದಾನದವರನ್ನು ಅಂಗಲಾಚಿದೆ. ಆಗದು ಎಂದರು.

ಇದನ್ನು ಬರೆದಿಟ್ಟದ್ದು ಯಾಕೆಂದರೆ — ಬಾಯಲ್ಲಿ ಹೇಳಹೊರಟರೆ ನಾನು ಚೌಕಾಸಿಗೆ ಇಳಿಯುತ್ತೇನೆ. ನನ್ನನ್ನು ನಾನು ಬಲ್ಲೆ. ಸ್ವಲ್ಪ ತಪ್ಪು ನನ್ನದು, ಸ್ವಲ್ಪ ಬೆಂಗಳೂರಿನವನದು, ಸ್ವಲ್ಪ ನಿನ್ನದು ಎಂದು ಇಳಿಸುತ್ತ ಇಳಿಸುತ್ತ... ಕಾಗದದ ಮೇಲಿದ್ದರೆ ಇಳಿಸಲಾಗದು. ಪೂರ್ತಿ ನನ್ನದೇ.

ಸಿದ್ದರಾಜು, ನಾಳೆ ಬೆಳಿಗ್ಗೆ ಬರುತ್ತೇನೆ. ಭಾಗ್ಯಳ ಮುಂದೆಯೇ ಇದನ್ನು ಓದುತ್ತೇನೆ. ಓದಿ ಮುಗಿಸಿದ ಮೇಲೆ ಆ ತೆಳು ಕೋಲನ್ನು ನನ್ನ ಮೇಲೆಯೇ ಎತ್ತಿದರೂ ಸರಿ. ನಿಧಾನ ಮಾತ್ರ ಮಾಡಬೇಡ.