ಗುಲಾಮರ ಕಾದಂಬರಿ ಮತ್ತು ನಾಲ್ಕನೇ ಜ್ವರ

ರೇಷ್ಮೆಹುಳಕ್ಕೆ ಸೊಪ್ಪು ಬಿಡಿಸುವ ಕೆಲಸದಿಂದ ತಪ್ಪಿಸಿಕೊಳ್ಳಲು ನಾನು ಕಂಡುಕೊಂಡಿದ್ದ ಉಪಾಯವೆಂದರೆ ಗಟ್ಟಿಯಾಗಿ ಓದುವುದು. ಶಿಡ್ಲಘಟ್ಟದ ಹತ್ತಿರದ ನಮ್ಮ ಮನೆಯಲ್ಲಿ ಮಧ್ಯಾಹ್ನ ಅಜ್ಜಿ, ಅಮ್ಮ ಹಿಪ್ಪುನೇರಳೆಯ ರಾಶಿಯ ಮುಂದೆ ಕೂತರೆ ನಾನು ಪುಸ್ತಕ ಹಿಡಿದು ಕೂರುತ್ತಿದ್ದೆ. ಆ ವರ್ಷ, ಅರವತ್ತರ ದಶಕದ ಆರಂಭವಿರಬೇಕು, ವಾಚನಾಲಯದಿಂದ ತಂದದ್ದು ಗುಲಾಮರ ವ್ಯಾಪಾರದ ಕಾಲದ ಒಂದು ಕಾದಂಬರಿ. ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದವರನ್ನು ಹರಾಜು ಹಾಕುವ ಕಥೆ. ಅಜ್ಜಿ ಸಮುದ್ರವನ್ನೇ ಕಂಡವರಲ್ಲ. ಆದರೂ ಆ ಹಡಗಿನವರಿಗೆ ದಿನವೂ ಹಿಡಿಶಾಪ ಹಾಕುತ್ತಿದ್ದರು.

ತೋಟದಿಂದ ಸೊಪ್ಪಿನ ಹೊರೆ ತರುತ್ತಿದ್ದ ನಮ್ಮ ಜೀತದಾಳು ಜಗುಲಿಯ ಕೆಳಗೆ ಕೂತು ಕೇಳುತ್ತಿದ್ದ. ಚಿಂತಾಮಣಿ ಕಡೆಯ ತವರಿನಲ್ಲಿ ಅವನ ಹೆಂಡತಿ ಹೆತ್ತು ಆರು ತಿಂಗಳಾಗಿತ್ತು. ಮಗುವಿನ ಮುಖವನ್ನು ಅವನಿನ್ನೂ ನೋಡಿರಲಿಲ್ಲ.

ತಾಯಿಯಿಂದ ಕೂಸನ್ನು ಕಿತ್ತು ಮಾರುವ ಪುಟ ಬಂತು. ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ಅವರ ಮನೆ ಹಾಳಾಗ! ಹೆತ್ತ ಕೂಸನ್ನ ನೋಡಕ್ಕೂ ಬಿಡಲ್ವಲ್ಲೇ!”

ಜಗುಲಿಯ ಕೆಳಗಿನಿಂದ ಅವನು ಕೇಳಿದ: “ಅಮ್ಮಾವ್ರೇ, ನಾನೂ ಹೋಗಿ ಮಗೀನ ನೋಡ್ಕೊಂಡು ಬರ್ಲಾ?”

“ಹುಳ ನಾಲ್ಕನೇ ಜ್ವರ ಎದ್ದೈತೆ, ಈಗೆಲ್ಲೋ ಹೋಗ್ತೀಯ? ಗೂಡು ಕಟ್ಲಿ, ನೋಡಣ,” ಎಂದ ಅಜ್ಜಿ ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, “ನೀನು ಓದಮ್ಮ,” ಎಂದರು.

ಅಜ್ಜಿಯ ಮಾತೇನೂ ಸುಳ್ಳಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ, ಹುಳ ಬಕಾಸುರನ ಹಾಗೆ ಮೇಯುತ್ತದೆ, ಸೊಪ್ಪು ಹೊರುವವನನ್ನು ಬಿಟ್ಟುಕೊಟ್ಟರೆ ಬೆಳೆ ಹೋಯಿತು. ಆದರೆ ಹಿಂದಿನ ಬೆಳೆಯಲ್ಲೂ ಅವರು ಇದನ್ನೇ ಹೇಳಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಪುಸ್ತಕ ಮುಚ್ಚಿ, ಅವನನ್ನು ಕಳಿಸಿದರೆ ಮಾತ್ರ ಓದುತ್ತೇನೆ ಎಂದೆ.

“ಓದದಿದ್ರೆ ಬಿಡೇ, ಸೊಪ್ಪು ಬಿಡಿಸು ಬಾ.”

ಎರಡು ದಿನ ಬಿಡಿಸಿದೆ. ಉಗುರೆಲ್ಲ ಕಪ್ಪಾಯಿತು. ಮೂರನೇ ದಿನ ಅಜ್ಜಿಗೆ ತಡೆಯಲಾಗಲಿಲ್ಲ. “ಆ ಕೂಸನ್ನ ಯಾರು ಕೊಂಡ್ಕೊಂಡ್ರೇ?” ನಾನು ಇನ್ನೊಂದು ಕಡ್ಡಿ ಎಳೆದುಕೊಂಡು ಸೊಪ್ಪು ಬಿಡಿಸತೊಡಗಿದೆ. “ಹಠಮಾರಿ ಮುಂಡೇದೆ!” ಎಂದು ನನ್ನನ್ನು ಬೈದು, ಅವನ ಕಡೆ ತಿರುಗಿದರು. “ಹೋಗಿ ಬಾ ಹೋಗೋ. ನಾಳೆ ಸಂಜೆ ಸೊಪ್ಪಿನ ಹೊತ್ತಿಗೆ ಇಲ್ಲಿರ್ಬೇಕು.”

ಗೆದ್ದ ಖುಷಿಯಲ್ಲಿ ನಾನು ಒಂದೇ ಸಮನೆ ಓದಿದೆ. ಅಜ್ಜಿ ಅತ್ತೂ ಅತ್ತೂ ಸುಖಪಟ್ಟರು.

ಮರುದಿನ ಹೇಳಿದ ಹೊತ್ತಿಗೆ ಅವನು ಬಂದ. “ಮಗು ಹೆಂಗೈತೋ?” ಎಂದು ಅಜ್ಜಿ ಕೇಳಿದರು.

“ನನ್ನ ಕಂಡು ಕಿಟಾರನೆ ಕಿರುಚ್ತು ಅಮ್ಮಾವ್ರೇ. ಯಾರೋ ಅನ್ಕೊಂಡ್ತು. ಬಸ್ಸು ಬರೋವರ್ಗೂ ಎತ್ಕೊಳ್ಳಕ್ಕೇ ಬಿಡ್ಲಿಲ್ಲ,” ಎಂದು ನಗುತ್ತಾ ಹೇಳಿ, ಹೊರೆ ಕಟ್ಟುವ ಹಗ್ಗ ತೆಗೆದುಕೊಂಡು ತೋಟಕ್ಕೆ ಹೋದ.